ಚೀಟಿಯಲ್ಲಿದ್ದ ಒಂದು ಮಾತು

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ತಾಯಿ ಹೊಸೂರಿನ ಸಂತೆಯಲ್ಲಿ ಎದುರಾದರು. ಎದೆಯಲ್ಲಿ ಗಂಟು ಕಂಡು ಪರೀಕ್ಷೆ ಮಾಡಿಸಿದ್ದರಂತೆ. “ಪಾಸಿಟಿವ್ ಅಂತ ಬಂದಿದೆ ಮೇಷ್ಟ್ರೇ, ಮಗ ಓದಿ ಹೇಳಿದ. ದೇವರು ದೊಡ್ಡವನು” ಎಂದರು. ಸಂಜೆ ಚೀಟಿಯನ್ನು ತರಿಸಿ ನೋಡಿದೆ. ಕ್ಯಾನ್ಸರ್ ಇದೆ ಎಂಬುದೇ ಆ ಮಾತಿನ ಅರ್ಥ. ಅಷ್ಟರಲ್ಲಿ ಮೂರು ವಾರಗಳು ಕಳೆದುಹೋಗಿದ್ದವು. ಪಾಸಿಟಿವ್ ಎಂದರೆ ಧನ, ನೆಗೆಟಿವ್ ಎಂದರೆ ಋಣ ಎಂದು ಆ ಹುಡುಗನಿಗೆ ಕಲಿಸಿದವನು ನಾನೇ. ವೈದ್ಯರ ಚೀಟಿಯಲ್ಲಿ ಪಾಸಿಟಿವ್ ಎಂದರೆ ಹುಡುಕಿದ್ದು ಸಿಕ್ಕಿತು ಎಂದಷ್ಟೇ ಅರ್ಥವೆಂಬುದನ್ನು ಮಾತ್ರ ಕಲಿಸಿರಲಿಲ್ಲ.

ಆದಕಾರಣ ಈ ತಿಂಗಳು ಕೆಲವು ಪದಗಳನ್ನು ಕುರಿತು ಬರೆಯುತ್ತಿದ್ದೇನೆ.

ನಮ್ಮ ಶರೀರದ ಜೀವಕೋಶಗಳು ಒಂದು ಕಟ್ಟಳೆಗೆ ಒಳಪಟ್ಟು ಹುಟ್ಟಿ, ಒಡೆದು ಎರಡಾಗಿ, ಸಾಯುತ್ತವೆ. ಕಟ್ಟಳೆ ತಪ್ಪಿ ಬೆಳೆದ ಮುದ್ದೆಗೆ ಟ್ಯೂಮರ್ ಎಂದು ಹೆಸರು. ಕನ್ನಡದಲ್ಲಿ ಗಡ್ಡೆ ಅಥವಾ ಗಂತಿ. ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಇದ್ದಲ್ಲಿಯೇ ಬೆಳೆದು ನೆರೆಯ ಅಂಗವನ್ನು ಕೊರೆಯದಿರುವುದು ಬಿನೈನ್, ಅಂದರೆ ಸೌಮ್ಯ. ಸುತ್ತಲಿನ ಮಾಂಸಕ್ಕೆ ನುಗ್ಗುವುದು ಮ್ಯಾಲಿಗ್ನೆಂಟ್, ಇದೇ ಕ್ಯಾನ್ಸರ್. ಅದರ ಕೋಶಗಳು ರಕ್ತದ ಮೂಲಕವೋ ದುಗ್ಧನಾಳಗಳ ಮೂಲಕವೋ ಸಾಗಿ ಬೇರೆಡೆ ನೆಲೆಯೂರಿದರೆ ಮೆಟಾಸ್ಟಾಸಿಸ್ ಎನ್ನುತ್ತಾರೆ. ಪದದ ಕೊನೆಯಲ್ಲಿ ‘ಓಮ’ ಎಂದಿದ್ದ ಮಾತ್ರಕ್ಕೆ ಎದೆಗುಂದಬೇಕಾಗಿಲ್ಲ. ಲೈಪೋಮ ಎಂಬುದು ಬರಿಯ ಕೊಬ್ಬಿನ ಗಂಟು. ಕಾರ್ಸಿನೋಮ ಮಾತ್ರ ಕ್ಯಾನ್ಸರೇ. ರಕ್ತದ ಕ್ಯಾನ್ಸರಾದ ಲ್ಯುಕೀಮಿಯದಲ್ಲಿಯಂತೂ ಸಾಮಾನ್ಯವಾಗಿ ಗಡ್ಡೆಯೇ ಇರುವುದಿಲ್ಲ!

ಸ್ಟೇಜ್ ಮತ್ತು ಗ್ರೇಡ್ ಎಂಬೆರಡನ್ನು ಓದಿದವರೂ ಕಲಸಿಬಿಡುತ್ತಾರೆ. ರೋಗವು ಎಷ್ಟು ದೂರ ಹಬ್ಬಿದೆ ಎಂಬುದು ಸ್ಟೇಜ್. ಸೂಕ್ಷ್ಮದರ್ಶಕದಲ್ಲಿ ಕೋಶಗಳು ತಮ್ಮ ಸಹಜ ರೂಪವನ್ನು ಎಷ್ಟು ಕಳೆದುಕೊಂಡಿವೆ ಎಂಬುದು ಗ್ರೇಡ್. ಗಡ್ಡೆಯ ಚೂರನ್ನು ತೆಗೆದು ಹೀಗೆ ನೋಡುವುದು ಬಯಾಪ್ಸಿ. ‘ಸೂಜಿ ತಗುಲಿದರೆ ರೋಗ ಹಬ್ಬುತ್ತದೆ’ ಎಂಬ ಹೆದರಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಅದನ್ನು ನಂಬಿ ಪರೀಕ್ಷೆಯನ್ನು ತಪ್ಪಿಸಿಕೊಂಡವರೇ ಕೆಟ್ಟಿದ್ದಾರೆ.

ಹೆಸರುಗಳ ಹುಟ್ಟೂ ಸ್ವಾರಸ್ಯವಾಗಿದೆ. ಗ್ರೀಕರು ಈ ರೋಗವನ್ನು ಏಡಿಗೆ ಹೋಲಿಸಿದರು. ಲ್ಯಾಟಿನ್ನಿನ ಕ್ಯಾನ್ಸರ್ ಎಂದರೂ ಏಡಿಯೇ. ಪಂಚಾಂಗದ ಕರ್ಕಾಟಕವೂ ಅದೇ ಪ್ರಾಣಿ. ನಮ್ಮ ‘ಏಡಿಗಂತಿ’ ಬಂದದ್ದು ಈ ದಾರಿಯಿಂದ. ‘ಅರ್ಬುದ’ವಾದರೋ ಸುಶ್ರುತ ಸಂಹಿತೆಯಷ್ಟು ಹಳೆಯದು. ಇಲ್ಲಿಯ ಆಸ್ಪತ್ರೆಗಳ ಹಲಗೆಗಳಲ್ಲಿ ನಾವು ಕಾಣುವುದು ತಮಿಳಿನ ‘ಪುಟ್ರುನೋಯ್’. ಪುಟ್ರು ಎಂದರೆ ನಮ್ಮ ಹುತ್ತ. ಒಳಗೊಳಗೇ ಬೆಳೆಯುವ ರೋಗಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಕೇಳಿಲ್ಲ.

ನಮ್ಮ ಕಡೆಯ ರೋಗಿಗಳು ಸಾಮಾನ್ಯವಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾರೆ. ಅದು 1973ರಲ್ಲಿ ಸ್ಥಾಪನೆಯಾಯಿತು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ 1954ರಲ್ಲಿ ಆರಂಭವಾದ ಅಡಯಾರಿನ ಕ್ಯಾನ್ಸರ್ ಸಂಸ್ಥೆಗೂ ಕೃಷ್ಣಗಿರಿಯಿಂದ ಹೋಗುವವರುಂಟು. ಒಂದೆಡೆ ಕನ್ನಡ, ಇನ್ನೊಂದೆಡೆ ತಮಿಳು. ಚೀಟಿ ಮಾತ್ರ ಎರಡೂ ಕಡೆ ಇಂಗ್ಲಿಷಿನಲ್ಲಿಯೇ. ಅರ್ಥವಾಗದ ಪದವನ್ನು ವೈದ್ಯರನ್ನೇ ಕೇಳುವುದಕ್ಕೆ ಸಂಕೋಚವೇಕೆ?

ಆ ತಾಯಿಗೆ ಶಸ್ತ್ರಚಿಕಿತ್ಸೆಯಾಗಿದೆ, ಔಷಧೋಪಚಾರ ನಡೆಯುತ್ತಿದೆ. ಮಗ ಈಗ ಪ್ರತಿಯೊಂದು ಚೀಟಿಯನ್ನೂ ತಂದು ತೋರಿಸುತ್ತಾನೆ. ಮೊನ್ನೆಯದರಲ್ಲಿ ‘ನೋಡ್ಸ್ ನೆಗೆಟಿವ್’ ಎಂದಿತ್ತು. ನಾನು ಕನ್ನಡಕ ಹುಡುಕುವಷ್ಟರಲ್ಲಿ, “ಕಂಕುಳಿನ ಗ್ರಂಥಿಗಳಲ್ಲಿ ರೋಗ ಸಿಕ್ಕಿಲ್ಲ ಅಂತ ಸಾರ್. ಡಾಕ್ಟರನ್ನೇ ಕೇಳಿಕೊಂಡು ಬಂದೆ” ಎಂದನು.