ಮೊದಲ ಎರಡು ನಿಮಿಷಗಳ ಹೊಣೆ

ಚಲಚ್ಚಿತ್ರವು ವಿದ್ಯಾರ್ಥಿಗಳ ಏಕಾಗ್ರತೆಯನ್ನು ಕೆಡಿಸುತ್ತದೆಯೆಂಬ ಮಾತು ನಮ್ಮ ಶಿಕ್ಷಕವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಲೇಖಕನೂ ಆ ಅಭಿಪ್ರಾಯಕ್ಕೆ ಹೊರತಾದವನಾಗಿರಲಿಲ್ಲ. ಆದ್ದರಿಂದ ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಏಳೆಂಟು ಮಂದಿ ವಿದ್ಯಾರ್ಥಿಗಳು ಬಂದು, ‘ಸಾರ್, ನಾವೊಂದು ಥ್ರಿಲ್ಲರ್ ಸಿನಿಮಾ ಮಾಡ್ತೀವಿ. ಪೂರ್ತಿ ಅಲ್ಲ, ಶುರುವಿನ ಎರಡು ನಿಮಿಷ ಮಾತ್ರ’ ಎಂದು ಅನುಮತಿ ಕೇಳಿದಾಗ ನಾನು ಒಪ್ಪಿದ್ದು ಉತ್ಸಾಹದಿಂದಲ್ಲ. ಎರಡು ನಿಮಿಷಗಳಲ್ಲಿ ಕೆಡುವುದೇನಿದೆ ಎಂಬ ಉದಾಸೀನದಿಂದ. ಕೆಡುವುದೂ ಕಲಿಯುವುದೂ ಆ ಎರಡು ನಿಮಿಷಗಳಲ್ಲಿ ಎಷ್ಟೊಂದು ಇದೆಯೆಂಬುದು ಅನುಭವಕ್ಕೆ ಬಂದ ಮೇಲೆ, ಈ ಸಂಚಿಕೆಯ ಮೂಲಕ ಸಹೋದ್ಯೋಗಿಗಳೊಡನೆಯೂ ಪೋಷಕರೊಡನೆಯೂ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬೇಕೆನಿಸಿತು.

ಇಡೀ ಚಿತ್ರವನ್ನು ಬಿಟ್ಟು ಆರಂಭವನ್ನಷ್ಟೇ ಏಕೆ ತೆಗೆಯಬೇಕು ಎಂದು ಕೆಲವರು ಕೇಳಬಹುದು. ಇದು ಹೊಸ ಪದ್ಧತಿಯೇನೂ ಅಲ್ಲ. ಇಂಗ್ಲೆಂಡಿನಲ್ಲಿ ಮಾಧ್ಯಮ ಅಧ್ಯಯನವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗಳಿಗೆ, ಹೊಸ ಚಿತ್ರವೊಂದರ ಮೊದಲ ಎರಡು ನಿಮಿಷಗಳನ್ನು ತಾವೇ ಕಲ್ಪಿಸಿ ಚಿತ್ರೀಕರಿಸುವ ಅಭ್ಯಾಸವನ್ನು ಅನೇಕ ವರ್ಷಗಳ ಕಾಲ ಕೊಡಲಾಗುತ್ತಿತ್ತು. ಹಣವಿಲ್ಲದ, ಕಾಲಾವಕಾಶವಿಲ್ಲದ ಮಕ್ಕಳಿಗೆ ಇದು ಕೈಗೆಟುಕುವ ಸಾಹಸ. ಪ್ರಬಂಧ ಬರೆಯುವ ಮೊದಲು ಅದರ ಪೀಠಿಕೆಯನ್ನು ಬರೆದು ತಿದ್ದಿಸಿಕೊಂಡಂತೆ ಎಂದು ಆಗ ನಾನು ಸಮಾಧಾನ ಪಟ್ಟುಕೊಂಡೆ. ಈ ಹೋಲಿಕೆಯಲ್ಲಿದ್ದ ದೋಷವು ಆಮೇಲೆ ನನಗೆ ತಿಳಿಯಿತು.

ಅವರು ಮೊದಲು ಬರೆದು ತಂದ ಕಥೆಯಲ್ಲಿ ಎರಡು ನಿಮಿಷಕ್ಕೆ ಮೂರು ಕೊಲೆಗಳಿದ್ದವು. ನೆತ್ತರಿಗಾಗಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿಯೂ ಇಟ್ಟುಕೊಂಡಿದ್ದರು. ಭಯವೆಂದರೆ ನೆತ್ತರೆಂಬ ಅವರ ತಿಳಿವಳಿಕೆಯನ್ನು ತಿದ್ದಲು ನಾನು ಆಂಗ್ಲ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಹೇಳುತ್ತಿದ್ದ ಪ್ರಸಿದ್ಧ ನಿದರ್ಶನವನ್ನು ವಿವರಿಸಬೇಕಾಯಿತು. ಇಬ್ಬರು ಮೇಜಿನ ಎದುರು ಬದುರು ಕುಳಿತು ಮಾತನಾಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿನ ಬಾಂಬು ಸಿಡಿಯುತ್ತದೆ. ಪ್ರೇಕ್ಷಕನು ಕ್ಷಣಕಾಲ ಬೆಚ್ಚುತ್ತಾನೆ, ಅಷ್ಟೆ. ಅದೇ ಬಾಂಬು ಅಲ್ಲಿರುವುದನ್ನು ಪ್ರೇಕ್ಷಕನಿಗೆ ಮೊದಲೇ ತೋರಿಸಿ, ಕುಳಿತವರಿಗೆ ತಿಳಿಸದೆ ಇದ್ದರೆ ಅವರ ಹರಟೆಯ ಒಂದೊಂದು ಮಾತೂ ಪ್ರೇಕ್ಷಕನ ಎದೆಯನ್ನು ಹಿಂಡುತ್ತದೆ. ಮೊದಲನೆಯದು ಅಚ್ಚರಿ, ಎರಡನೆಯದು ಕಾತರ. ಮಕ್ಕಳು ಇದನ್ನು ಬೇಗ ಗ್ರಹಿಸಿದರು. ಮೂರು ಕೊಲೆಗಳು ಒಂದಕ್ಕಿಳಿದು, ಕೊನೆಗೆ ಒಂದೂ ಉಳಿಯಲಿಲ್ಲ.

ಉಪಕರಣಗಳ ವಿಷಯದಲ್ಲಿ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ಇದ್ದುದು ಒಬ್ಬ ವಿದ್ಯಾರ್ಥಿಯ ಅಣ್ಣನ ಮೊಬೈಲ್ ಫೋನು. ಆದರೆ ಆಲೂರು ಸೀಮೆಯ ಮಳೆಗಾಲವು ಪಟ್ಟಣದ ಚಿತ್ರನಿರ್ಮಾಪಕರು ಹಣ ಕೊಟ್ಟು ಯಂತ್ರದಿಂದ ಎಬ್ಬಿಸುವ ಕಾವಳವನ್ನು ಬಿಟ್ಟಿಯಾಗಿ ಕೊಡುತ್ತದೆ. ಬೆಳಗಿನ ಹೊತ್ತು ಸಿಲ್ವರ್ ಮರಗಳ ಸಾಲು ಹತ್ತು ಮಾರಿನಾಚೆಗೆ ಕರಗಿಹೋಗಿರುತ್ತದೆ. ಅಗಾಥಾ ಕ್ರಿಸ್ಟಿಯವರ 1958ರ ನಾಟಕವೊಂದು ಇಂಥ ಮಂಜಿನಲ್ಲಿಯೇ ಆರಂಭವಾಗುತ್ತದೆ: ದಾರಿ ಕಾಣದೆ ಕಾರು ಸಿಕ್ಕಿಬಿದ್ದ ಅಪರಿಚಿತನೊಬ್ಬ ಹತ್ತಿರದ ಮನೆಯೊಳಗೆ ಬಂದರೆ, ಅಲ್ಲಿ ಸತ್ತ ಗಂಡನ ಪಕ್ಕದಲ್ಲಿ ಹೆಂಡತಿಯು ಪಿಸ್ತೂಲು ಹಿಡಿದು ನಿಂತಿದ್ದಾಳೆ. ಈ ನಾಟಕದ ಎಳೆಯನ್ನು ಹಿಡಿದು ಬಂದ ಹಿಂದಿ ಚಿತ್ರ ‘ಧುಂದ್’ (1973). ಆ ಹೆಸರಿನ ಅರ್ಥವೇ ಮಂಜು. ಅದೇ ಎಳೆಯಿಂದ ಸುನೀಲ್ ಕುಮಾರ್ ದೇಸಾಯಿಯವರು 1989ರಲ್ಲಿ ಕನ್ನಡದ ‘ತರ್ಕ’ವನ್ನು ನಿರ್ಮಿಸಿದರು. ಅದರಲ್ಲಿ ಒಂದು ಹಾಡೂ ಇಲ್ಲ. ಹಾಡಿಲ್ಲದೆ ಕನ್ನಡ ಚಿತ್ರ ಓಡೀತೆ ಎಂದು ಕೇಳುತ್ತಿದ್ದ ಕಾಲದಲ್ಲಿ ಆ ಚಿತ್ರವು ಜನರನ್ನು ಕುರ್ಚಿಯಂಚಿಗೆ ತಂದು ಕೂಡಿಸಿತು.

ಬೆಳಕಿಗಾಗಿ ನಮ್ಮ ಮಕ್ಕಳಿಗೆ ದೊರೆತ ಗುರು ಮೈಸೂರಿನ ವಿ. ಕೆ. ಮೂರ್ತಿಯವರು. ಬೆಂಗಳೂರಿನಲ್ಲಿ ಛಾಯಾಗ್ರಹಣವನ್ನು ಕಲಿತು ಮುಂಬಯಿಗೆ ಹೋದ ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಕಂಬದಂತೆ ಇಳಿಯುವ ಬೆಳಕನ್ನು ಸೃಷ್ಟಿಸಿದ್ದು ಕನ್ನಡಿಗಳ ಸಹಾಯದಿಂದ. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾಯಿಸಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಮೊತ್ತಮೊದಲಿಗೆ ಒಬ್ಬ ಛಾಯಾಗ್ರಾಹಕನಿಗೆ ಸಂದದ್ದು ಇವರಿಗೆ, 2008ನೆಯ ಸಾಲಿನಲ್ಲಿ. ಈ ಸಂಗತಿಯನ್ನು ಕೇಳಿದ ಮರುದಿನವೇ ಮಳೆ ಹೊಳವಾದ ಹೊತ್ತು ನೋಡಿ ಮಕ್ಕಳು ಮನೆಯಿಂದ ಎರಡು ಕನ್ನಡಿಗಳನ್ನು ಹೊತ್ತು ತಂದರು. ಕಾಫಿ ಉಗ್ರಾಣದ ಕತ್ತಲೆಯೊಳಗೆ ಬಿಸಿಲಿನ ಪಟ್ಟಿಯೊಂದು ದೂಳನ್ನು ಹೊಳೆಯಿಸುತ್ತ ಇಳಿದಾಗ ಅವರು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಬೆಳಕಿನ ಪ್ರತಿಫಲನದ ನಿಯಮವನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಆ ಪಾಠಕ್ಕೆ ಯಾರೂ ಎಂದೂ ಕೂಗಿರಲಿಲ್ಲ.

ಇಲ್ಲಿಯವರೆಗಿನದು ಸಂತೋಷದ ಕಥೆ. ಮುಂದಿನದನ್ನು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಅವರು ಗೊತ್ತುಮಾಡಿದ ದೃಶ್ಯ ಹೀಗಿತ್ತು. ಮುಸ್ಸಂಜೆ, ತೋಟದ ದಾರಿ, ಕಾವಳ. ಶಾಲೆಯ ಹುಡುಗಿಯೊಬ್ಬಳು ಒಂಟಿಯಾಗಿ ಮನೆಗೆ ನಡೆಯುತ್ತಿದ್ದಾಳೆ. ಹಿಂದೆ ಕಂಬಳಿಯ ಕೊಪ್ಪೆ ಹಾಕಿದ, ಕೈಯಲ್ಲಿ ಕತ್ತಿ ಹಿಡಿದ ಒಬ್ಬ. ಅವಳು ನಿಂತರೆ ಅವನೂ ನಿಲ್ಲುತ್ತಾನೆ. ಅವನ ಮುಖವು ಒಮ್ಮೆ ಮಾತ್ರ ಕಾಣುತ್ತದೆ. ಆಮೇಲೆ ಕತ್ತಲೆ, ಚಿತ್ರದ ಹೆಸರು. ಕೊಪ್ಪೆಯವನ ಪಾತ್ರಕ್ಕೆ ಅವರು ಆರಿಸಿದ್ದು ತೋಟದ ಲೈನು ಮನೆಯಲ್ಲಿ ವಾಸಿಸುವ, ಹೊರರಾಜ್ಯದಿಂದ ಕೂಲಿಗೆ ಬಂದ ಕುಟುಂಬದ ಹುಡುಗನನ್ನು. ‘ಇವನಿಗೆ ಚೆನ್ನಾಗಿ ಒಪ್ಪುತ್ತದೆ’ ಎಂದವನು ಬೇರೆ ಯಾರೂ ಅಲ್ಲ, ನಾನೇ. ಹುಡುಗನು ಹೇಳಿದಂತೆ ನಡೆದ, ಹೇಳಿದಲ್ಲಿ ನಿಂತ. ಕೊನೆಗೆ ಒಂದು ಪ್ರಶ್ನೆ ಕೇಳಿದ:

‘ಸಾರ್, ಇವನು ಏನು ತಪ್ಪು ಮಾಡಿದಾನೆ?’

ನಾನು ಉತ್ತರಿಸುವ ಮೊದಲೇ ಗೆಳೆಯನೊಬ್ಬ ಹೇಳಿದ: ‘ಅದು ಮುಂದೆ ಗೊತ್ತಾಗತ್ತೆ ಕಣೋ.’

‘ಮುಂದೆ ಇಲ್ವಲ್ಲ’ ಎಂದ ಹುಡುಗ.

ಮರುದಿನ ಅವನು ಶಾಲೆಗೆ ಬರಲಿಲ್ಲ. ಆ ದಿನವೇ ಉಳಿದವರು ಆ ತುಣುಕನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕೋಣವೆಂದು ನನ್ನ ಬಳಿ ಬಂದರು. ಹೆಸರನ್ನು ಇನ್ನೂ ಸೇರಿಸಿರಲಿಲ್ಲ; ಇದು ಸಿನಿಮಾ ಎಂದು ತಿಳಿಯುವಂಥ ಒಂದಕ್ಷರವೂ ಅದರಲ್ಲಿರಲಿಲ್ಲ. ತೋಟದ ದಾರಿ, ನಮ್ಮೂರ ಹುಡುಗಿ, ಹಿಂದೆ ಕತ್ತಿ ಹಿಡಿದ ಹೊರಗಿನವನು, ಇಷ್ಟೇ. ಆಗ ನನ್ನ ಮೈ ಜುಮ್ಮೆಂದಿತು. ಮಕ್ಕಳು ಬಯಸಿದ್ದ ರೋಮಾಂಚನ ಅದಾಗಿರಲಿಲ್ಲ.

ಓದುಗರು 2018ನ್ನು ಮರೆತಿರಲಾರರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಆ ವರ್ಷ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಮೆಗಾಗಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ, ಮಕ್ಕಳಿಗೆ ಚಾಕೊಲೇಟ್ ಹಂಚಿದ ಕಾರಣಕ್ಕೆ ಸಂಶಯಕ್ಕೊಳಗಾದ ಸ್ನೇಹಿತರ ತಂಡದ ಮೇಲೆ ಗುಂಪು ಎರಗಿ, ಹೈದರಾಬಾದಿನ ತರುಣ ಇಂಜಿನಿಯರೊಬ್ಬರು ಪ್ರಾಣ ಕಳೆದುಕೊಂಡರು. ಆ ದಿನಗಳಲ್ಲಿ ಹರಿದಾಡಿದ ದೃಶ್ಯಗಳಲ್ಲಿ ಒಂದರ ಮೂಲವು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಆ ದೃಶ್ಯ ನಡೆದ ಘಟನೆಯಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಎಚ್ಚರಿಸಲು ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಆ ಬೈಕಿನವರು ಕೂಡಲೇ ಹಿಂದಿರುಗಿ, ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಕ್ಷಣ ಸಾಕೆಂಬ ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಆರಂಭವನ್ನಷ್ಟೇ ಉಳಿಸಿದರು. ರಕ್ಷಣೆಗೆಂದು ತೆಗೆದ ಚಿತ್ರ, ಕೊನೆಯನ್ನು ಕಳೆದುಕೊಂಡ ಮಾತ್ರಕ್ಕೆ, ಕೊಲೆಗೆ ಒದಗುವ ವದಂತಿಯಾಯಿತು.

ಪ್ರಬಂಧದ ಪೀಠಿಕೆಯ ಹೋಲಿಕೆಯಲ್ಲಿದ್ದ ದೋಷವು ಇದೇ. ಪೀಠಿಕೆಯು ಒಂದು ವಿಷಯವನ್ನು ಮುಂದಿಡುತ್ತದೆ. ರೋಮಾಂಚಕ ಚಿತ್ರದ ಆರಂಭವಾದರೋ ಒಂದು ಅನುಮಾನವನ್ನು ಬಿತ್ತುತ್ತದೆ. ಪೂರ್ಣ ಚಿತ್ರದಲ್ಲಿ ಅದಕ್ಕೆ ಪರಿಹಾರವುಂಟು. ಮೊದಲ ದೃಶ್ಯದಲ್ಲಿ ಅಪರಾಧಿಯಂತೆ ಕಂಡವನು ಕೊನೆಯಲ್ಲಿ ನಿರಪರಾಧಿಯಾಗಿ ಹೊರಬರಬಹುದು. ನಿಜವಾಗಿ, ಒಳ್ಳೆಯ ಚಿತ್ರಗಳ ಸೊಗಸು ಇರುವುದೇ ಅಲ್ಲಿ. ಆದರೆ ಆರಂಭವೊಂದೇ ಇರುವ ಚಿತ್ರದಲ್ಲಿ ಅನುಮಾನಕ್ಕೊಳಗಾದವನು ಎಂದೆಂದಿಗೂ ಅನುಮಾನಿತನಾಗಿಯೇ ಉಳಿಯುತ್ತಾನೆ. ‘ಮುಂದೆ ಇಲ್ವಲ್ಲ’ ಎಂದ ಆ ಹುಡುಗನು ನನಗಿಂತ ಮೊದಲೇ ಇದನ್ನು ಕಂಡಿದ್ದ, ಏಕೆಂದರೆ ಕಂಬಳಿಯ ಕೊಪ್ಪೆಯೊಳಗೆ ಇದ್ದವನು ಅವನು.

ಅನುಮಾನವಿಲ್ಲದೆ ಇಂಥ ಚಿತ್ರವುಂಟೆ ಎಂದು ಆಕ್ಷೇಪಿಸಬಹುದು. ಇಲ್ಲವೆಂಬುದನ್ನು ಒಪ್ಪುತ್ತೇನೆ. ನನ್ನ ಮಾತು ಅನುಮಾನವನ್ನು ಯಾರ ಕಡೆಗೆ ತಿರುಗಿಸಬೇಕೆಂಬುದನ್ನು ಕುರಿತದ್ದು. ಶಂಕರನಾಗ್ ಅವರ ‘ಆಕ್ಸಿಡೆಂಟ್’ (1985) ಚಿತ್ರವನ್ನು ನೋಡಿದವರಿಗೆ ಇದು ತಿಳಿದೀತು. ಅಲ್ಲಿ ಬೀದಿಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಯುತ್ತದೆ. ಓಡಿಸುತ್ತಿದ್ದವನು ಅಮಲೇರಿದ ಪ್ರಭಾವಿ ರಾಜಕಾರಣಿಯ ಮಗ. ಭಯವು ಕೊಳೆಯ ಬಟ್ಟೆಯವನಿಂದಲ್ಲ, ಬೆಲೆಬಾಳುವ ಕಾರಿನಿಂದ ಬರುತ್ತದೆ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಹುಟ್ಟಿದ್ದು ಬೆಂಗಳೂರಿನ ಒಂದು ಮೇಲ್ಸೇತುವೆಯ ಮೇಲೆ ಜನ ದಿನನಿತ್ಯ ಮಾಡುವ ಸಣ್ಣ ತಪ್ಪಿನಿಂದ: ಸುತ್ತಿ ಬರಲು ಬೇಸರಪಟ್ಟು ವಿಭಜಕದ ಕಲ್ಲುಗಳನ್ನು ಸರಿಸಿ ವಾಹನ ತಿರುಗಿಸಿಕೊಳ್ಳುವುದು, ಸರಿಸಿದ ಕಲ್ಲನ್ನು ದಾರಿಯಲ್ಲಿಯೇ ಬಿಟ್ಟು ಹೋಗುವುದು. ಅಲ್ಲಿ ಪ್ರೇಕ್ಷಕನು ಕಡೆಗೆ ಅನುಮಾನಿಸಬೇಕಾದದ್ದು ತನ್ನನ್ನೇ. ಆ ಕಥೆ ಬೇರೆ ಬೇರೆ ಭಾಷೆಗಳಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಆ ಹುಡುಗನ ಮನೆಗೆ ಹೋಗಿ ನನ್ನ ಮಾತಿಗಾಗಿ ಅವನ ತಂದೆತಾಯಿಗಳ ಎದುರು ಕ್ಷಮೆ ಕೇಳಿದೆ. ಮಕ್ಕಳೆಲ್ಲರನ್ನೂ ಕೂಡಿಸಿ 2018ರ ಘಟನೆಗಳನ್ನು ಹೇಳಿದೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಅವರೇ ಆ ತುಣುಕನ್ನು ಅಳಿಸಿದರು. ‘ಹಾಗಾದರೆ ನಾವು ನಿಜವಾಗಿ ಯಾವುದಕ್ಕೆ ಹೆದರ್ತೀವಿ?’ ಎಂಬ ಪ್ರಶ್ನೆಯನ್ನು ಒಬ್ಬ ಹುಡುಗಿ ಎತ್ತಿದಳು. ಉತ್ತರಕ್ಕಾಗಿ ಬಹು ದೂರ ಹೋಗಬೇಕಾಗಿರಲಿಲ್ಲ.

ಆಲೂರು, ಸಕಲೇಶಪುರಗಳ ತೋಟಗಳಲ್ಲಿ ಆನೆಯ ಭಯ ಕಟ್ಟುಕಥೆಯಲ್ಲ. ಸುಮಾರು 2013-14ರಲ್ಲಿ ಆಲೂರಿನ ಸುತ್ತಮುತ್ತ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳು ಬರುವುದು ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು, ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಸಲಗವೊಂದರ ತಿವಿತಕ್ಕೆ ಬಲಿಯಾಯಿತು. ಮುಂಜಾನೆ ಶಾಲೆಗೆ ಹೊರಡುವ ಮುನ್ನ ಆನೆ ಎಲ್ಲಿದೆಯೆಂದು ವಿಚಾರಿಸಿಕೊಳ್ಳುವ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಕಾಡು ಕಡಿಮೆಯಾಗಿ, ಅದರ ದಾರಿಗಳು ತುಂಡಾಗಿ ಆನೆ ತೋಟಕ್ಕೆ ಬಂದಿದೆ; ಆದ್ದರಿಂದ ಇಲ್ಲಿ ಭಯವುಂಟು, ಖಳನಿಲ್ಲ.

ಎರಡನೆಯ ಚಿತ್ರದಲ್ಲಿ ಆನೆಯನ್ನು ಅವರು ತೋರಿಸಲಿಲ್ಲ, ತೋರಿಸುವಂತೆಯೂ ಇರಲಿಲ್ಲ. ಮುಸ್ಸಂಜೆ, ಮನೆಯ ಜಗಲಿ. ತಾಯಿಯೊಬ್ಬಳು ಬ್ಯಾಟರಿ ಹಿಡಿದು ದಾರಿ ನೋಡುತ್ತಿದ್ದಾಳೆ. ಒಲೆಯ ಮೇಲೆ ಅನ್ನ ಕುದಿಯುವ ಸದ್ದು. ನಾಯಿ ಬೊಗಳುತ್ತದೆ, ಆಮೇಲೆ ಸುಮ್ಮನಾಗುತ್ತದೆ. ದೂರದಲ್ಲಿ ಒಂದು ಕೊಂಬೆ ಲಟಕ್ಕೆಂದು ಮುರಿಯುತ್ತದೆ. ಬ್ಯಾಟರಿಯ ಬೆಳಕು ಕಾವಳದೊಳಗೆ ನಾಲ್ಕು ಮಾರು ಹೋಗಿ ನಿಲ್ಲುತ್ತದೆ. ಅಷ್ಟೇ. ಆ ಕೊಂಬೆಯ ಸದ್ದನ್ನು ಮಾಡಿದವನು ಲೈನು ಮನೆಯ ಹುಡುಗ. ಆನೆ ಮುರಿಯುವ ಕೊಂಬೆಗೂ ಗಾಳಿಗೆ ಮುರಿಯುವ ಕೊಂಬೆಗೂ ಇರುವ ವ್ಯತ್ಯಾಸವು ಆ ತಂಡದಲ್ಲಿ ಅವನಿಗೇ ಚೆನ್ನಾಗಿ ಗೊತ್ತಿತ್ತು. ತೋಟದ ಅಂಚಿನಲ್ಲಿ ಮಲಗುವವರು ಅವರಲ್ಲವೆ? ಒಣಬಿದಿರನ್ನು ಅವನು ಹತ್ತು ಸಲ ಮುರಿದು, ಹನ್ನೊಂದನೆಯ ಸಲ ‘ಇದು ಸರಿ’ ಎಂದ. ಶಾಲೆಯ ಸಭಾಂಗಣದಲ್ಲಿ ಇದನ್ನು ತೋರಿಸಿದಾಗ ಒಬ್ಬ ಹಿರಿಯ ತಾಯಿ ಆ ಸದ್ದಿಗೆ ಎದ್ದುನಿಂತು, ‘ಲೈಟ್ ಹಾಕ್ರಪ್ಪ’ ಎಂದರು. ಯಾರೂ ನಗಲಿಲ್ಲ.

ಈ ಅನುಭವದಿಂದ ನನ್ನ ಅಭಿಪ್ರಾಯ ಬದಲಾಗಿದೆ. ಮಕ್ಕಳ ಕೈಯಲ್ಲಿ ಈಗ ಮೊಬೈಲ್ ಇದೆ. ಅದರಿಂದ ಚಿತ್ರ ತೆಗೆಯುವುದನ್ನು ನಾವು ಕಲಿಸದಿದ್ದರೆ ವದಂತಿಕೋರರು ಕಲಿಸುತ್ತಾರೆ. ಆದಕಾರಣ ಶಾಲೆಗಳು ಇಂಥ ಅಭ್ಯಾಸಕ್ಕೆ ವರ್ಷಕ್ಕೆ ಒಂದೆರಡು ವಾರವನ್ನಾದರೂ ಮೀಸಲಿಡಬೇಕು. ಆದರೆ ಬೆಳಕು, ಸದ್ದು, ಸಂಕಲನಗಳನ್ನು ಕಲಿಸುವಾಗಲೇ ಎರಡು ಪ್ರಶ್ನೆಗಳನ್ನೂ ಕೇಳುವುದು ಶಿಕ್ಷಕನ ಕರ್ತವ್ಯ: ಈ ದೃಶ್ಯವು ಯಾರನ್ನು ಅನುಮಾನಿಸಬೇಕೆಂದು ಹೇಳುತ್ತಿದೆ? ಮುಂದಿನ ದೃಶ್ಯ ಎಂದೂ ಬಾರದಿದ್ದರೆ ಅವನ ಗತಿಯೇನು? ತೆಗೆದ ತುಣುಕಿಗೆ ಇದು ಕಲ್ಪಿತವೆಂಬ ಒಕ್ಕಣೆಯೂ ತಯಾರಿಸಿದವರ ಹೆಸರೂ ಇಲ್ಲದೆ ಅದು ಶಾಲೆಯ ಬಾಗಿಲನ್ನು ದಾಟಬಾರದು. ಪೋಷಕರೂ ತಮ್ಮ ಮೊಬೈಲಿಗೆ ಬರುವ ತುಣುಕುಗಳ ಬಗ್ಗೆ ಇದೇ ಪ್ರಶ್ನೆಗಳನ್ನು ಕೇಳಿಕೊಂಡರೆ ಒಳಿತು.

ಬರುವ ಮಳೆಗಾಲಕ್ಕೆ ಆ ಮಕ್ಕಳು ಮೂರನೆಯ ನಿಮಿಷವನ್ನು ತೆಗೆಯುವ ಯೋಚನೆಯಲ್ಲಿದ್ದಾರೆ. ಜಗಲಿಯ ಮೇಲೆ ನಿಂತ ಆ ತಾಯಿ ಯಾರಿಗಾಗಿ ಕಾಯುತ್ತಿದ್ದಳು, ಅವರು ಕ್ಷೇಮವಾಗಿ ಮನೆ ಸೇರಿದರೆ ಎಂಬುದನ್ನು ತೋರಿಸಬೇಕೆಂಬುದು ಅವರ ಆಸೆ. ಅದಕ್ಕೆ ಅನುಮತಿ ಕೊಡುವಾಗ ಈ ಸಲ ನಾನು ಉದಾಸೀನನಾಗಿರುವುದಿಲ್ಲ.