ಕಂದವಾರದ ಕೆರೆ

ಚಿಕ್ಕಬಳ್ಳಾಪುರ ಪೇಟೆಯ ಅಂಚಿನಲ್ಲಿ, ನಂದಿಯ ಬೆಟ್ಟಸಾಲಿಗೆ ಮುಖಮಾಡಿ ಕಂದವಾರವೆಂಬ ಊರುಂಟು. ಈಗ ಅದು ನಗರಸಭೆಯ ಎಲ್ಲೆಯೊಳಗೆ ಸೇರಿಹೋಗಿದ್ದರೂ ಕೆರೆಯ ಏರಿಯನ್ನು ಹತ್ತಿ ನೋಡಿದವರಿಗೆ ಹಳ್ಳಿಯಾಗಿಯೇ ತೋರುವುದು.

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಪಘ್ನಿ, ಚಿತ್ರಾವತಿಗಳಿಗೆ ಈ ಬೆಟ್ಟಸಾಲೇ ತವರು. ಆದರೂ ವರ್ಷವಿಡೀ ಹರಿಯುವ ಹೊಳೆ ಈ ಸೀಮೆಯಲ್ಲಿ ಒಂದೂ ಇಲ್ಲ. ಆದಕಾರಣ ಹಿರಿಯರು ಇಳಿಜಾರು ಕಂಡಲ್ಲೆಲ್ಲ ಏರಿ ಹಾಕಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನದಕ್ಕೆ ಬೀಳುವಂತೆ ಕೆರೆಗಳನ್ನು ಕಟ್ಟಿದರು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ (2007ರವರೆಗೆ ಚಿಕ್ಕಬಳ್ಳಾಪುರವೂ ಆ ಜಿಲ್ಲೆಗೇ ಸೇರಿತ್ತು) ಕೆರೆ ಕಟ್ಟಿಸಿದವರಿಗೆ ಗದ್ದೆ ಬಿಟ್ಟುಕೊಟ್ಟ ದಾನಗಳು ಮೇಲಿಂದ ಮೇಲೆ ಬರುತ್ತವೆ.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಗಳ ಕೆರೆಯೂರುಗಳಲ್ಲಿಯೂ ನೀರುಗಂಟಿಯ ಮಾತೇ ಮಾತು. ತೂಬು ಎತ್ತುವವನೂ ಆತನೇ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಣಯಿಸುವವನೂ ಆತನೇ. ಬಹುಕಡೆ ಆತ ಊರಾಚೆಯ ಕೇರಿಯವನು. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯಿಲ್ಲದವನು ಪಕ್ಷಪಾತ ಮಾಡಲಾರನೆಂಬುದು ಊರಿನವರ ಲೆಕ್ಕ. ಗುಡಿಯ ಹೊಸ್ತಿಲು ದಾಟಗೊಡದವನ ಕೈಗೆ ಇಡೀ ಊರಿನ ಅನ್ನವನ್ನು ಒಪ್ಪಿಸಿದ್ದು ವಿಚಿತ್ರವೇ ಸರಿ. ಸುಗ್ಗಿಯಲ್ಲಿ ಕಣದ ಮೇಲೆಯೇ ಆತನ ಪಾಲನ್ನು ಅಳೆದುಕೊಡುತ್ತಿದ್ದರು. ಕೆರೆ ಕೋಡಿಬಿದ್ದ ವರ್ಷ ಹೆಂಗಸರು ಆರತಿ ಹೊತ್ತು ಏರಿಗೆ ಬಂದು ಗಂಗಮ್ಮನನ್ನು ಪೂಜಿಸುತ್ತಿದ್ದರು.

ಕೊಳವೆಬಾವಿ ಬಂದ ಮೇಲೆ ಈ ಕಟ್ಟುಪಾಡು ಸಡಿಲಿತು. ತನ್ನ ಹೊಲದಲ್ಲಿಯೇ ನೀರು ಚಿಮ್ಮಿದ ರೈತನಿಗೆ ಕೆರೆಯ ಹೂಳೆತ್ತುವುದು ಯಾರದೋ ಕೆಲಸವೆನಿಸಿತು. ಕಡೆಗೆ ಬಾವಿಗಳು ಸಾವಿರ ಅಡಿ ದಾಟಿದವು. ನೀರಿನೊಡನೆ ಫ್ಲೋರೈಡೂ ಮೇಲೆ ಬಂದಿತು.

ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ 65 ಕೆರೆಗಳಿಗೆ ಹರಿಸುವ ಯೋಜನೆಯ ಕೊಳವೆ ಅನಂತರ ಕಂದವಾರಕ್ಕೂ ತಲುಪಿತು. ಬತ್ತಿದ ಕೆರೆಯಲ್ಲಿ ಮತ್ತೆ ನೀರಾಡಿತು. ಅದನ್ನು ಕಂಡು ಹಿಗ್ಗದವರಾರು? ಆದರೆ ಈ ನೀರು ನೆಲಕ್ಕೆ ಇಂಗಿ ಅಂತರ್ಜಲ ಹೆಚ್ಚಲೆಂದೇ ಬಂದದ್ದು. ಪಂಪು ಹೂಡಿ ಎತ್ತುವಂತಿಲ್ಲ, ಕುಡಿಯುವಂತೂ ಇಲ್ಲ. ತೂಬು ಎತ್ತಿ ಸರದಿಯಂತೆ ಗದ್ದೆಗೆ ಬಿಡುವ ಮಾತಿಲ್ಲದ ಮೇಲೆ ನೀರುಗಂಟಿಗೆ ಕೆಲಸವೇನು? ಇಂಗಿದ್ದು ಮುಂದೆ ಬಾವಿಗಳ ಮೂಲಕ ಮನೆಯ ಕೊಡಗಳಿಗೇ ಬರುವುದರಿಂದ, ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಒತ್ತಾಯಿಸುತ್ತ ಬಂದಿದ್ದಾರೆ.