ಅರ್ಧಾ ರೊಟ್ಟಿ ಲೆಕ್ಕ

ಆರನೇ, ಏಳನೇ ಕ್ಲಾಸಿನ ಹುಡುಗ್ರಿಗೆ ಮೊದಲಽ ಲ.ಸಾ.ಅ. ಬಾಯಿಪಾಠ ಮಾಡಸಬಾರ್ದು ಅಂತೇನಿ ನಾ. ಅರ್ಧಕ್ಕ ಮೂರನೇ ಒಂದು ಕೂಡ್ಸು ಅಂದ್ರ ಭಾಳ ಹುಡುಗ್ರು ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ ಕೂಡಿಸಿ 2/5 ಅಂತ ಬರೀತಾವ. ಟ್ಯೂಷನ್‌ನ್ಯಾಗ ಕೆಂಪು ಗೀಟು ಹಾಕಿ ಮುಂದ ಹೋಗ್ತಾರ. ಅದರ ಬದ್ಲಿ ಒಂದ್ ಮಾತು ಕೇಳ್ರಿ: ‘ಅರ್ಧಾ ರೊಟ್ಟಿಗೆ ಇನ್ನೊಂದ್ ತುಣುಕು ಹಚ್ಚಿದ್ರ ಅರ್ಧಕ್ಕಿಂತ ಕಡಿಮಿ ಹೆಂಗಾತು?’ 2/5 ಅಂದ್ರ ನೂರಕ್ಕ 40, ಅರ್ಧ ಅಂದ್ರ 50. ಕೂಸು ತಾನಽ ನಗ್ತದ. ಆಮ್ಯಾಲ ರೊಟ್ಟಿ ಆರು ತುಣುಕು ಮಾಡ್ರಿ. ಅರ್ಧ ಅಂದ್ರ ಮೂರು, ಮೂರನೇ ಒಂದಂದ್ರ ಎರಡು, ಒಟ್ಟು 5/6. ಆ ಆರಽ ಲ.ಸಾ.ಅ.

ಮತ್ತ, ಹೆಣ್ಣಮಕ್ಕಳ ಮುಂದ ‘ನಮಗೂ ಲೆಕ್ಕ ತಲಿಗೆ ಹತ್ತತಿದ್ದಿಲ್ಲ ಬಿಡು’ ಅನಬ್ಯಾಡ್ರಿ ವೈನಿ. ಸಂತ್ಯಾಗ ಕಾಯಿಪಲ್ಲೆದವ ಎರಡು ರೂಪಾಯಿ ತಪ್ಪಿಸಿದ್ರ ನಿಂತಲ್ಲೇ ಹಿಡಿಯೋರು ನಾವಽ ಅಲ್ಲೇನು?